ಪಿಯಾನೊದ ಮೇಲಿನ ಹೆಸರು

ಫಕೀರಪ್ಪನ ಕೈ ನಡುಗಲು ಶುರುವಾದದ್ದು ೧೯೪೬ರ ದಸರೆಯ ಹೊತ್ತಿಗೆ. ಮೊದಲು ಅದು ಚಹಾದ ಬಸಿಯಲ್ಲಿ ಕಾಣಿಸಿತು, ಆಮೇಲೆ ಪಾಲಿಶಿನ ಅರಿವೆಯಲ್ಲಿ. ಧಾರವಾಡದ ಕಡೆಯಿಂದ ಪುಣೆಗೆ ಬಂದು ಮೂವತ್ತು ವರ್ಷ ಲಷ್ಕರದ, ಅಂದರೆ ದಂಡು ಪ್ರದೇಶದ, ಸಾಹೇಬರ ಬಂಗಲೆಗಳಲ್ಲಿ ಕುರ್ಚಿ, ಕಪಾಟು, ಪಿಯಾನೊಗಳಿಗೆ ಅರಗಿನ ಪಾಲಿಶ್ ಹೊಡೆದ ಕೈ ಅದು. ಅವನು ಮುಗಿಸಿಕೊಟ್ಟ ಮೇಜಿನಲ್ಲಿ ಮುಖ ನೋಡಿಕೊಂಡು ಮೀಸೆ ತೀಡಬಹುದು ಎಂದು ನಾನಾ ಪೇಠೆಯ ಮಂದಿ ಹೇಳುತ್ತಿದ್ದರು. ಈಗ ಅರಿವೆ ಹಿಡಿದರೆ ಕಟ್ಟಿಗೆಯ ಮೇಲೆ ಗೆರೆಗಳು ಅಲೆಯಾಗಿ ಏಳುತ್ತಿದ್ದವು.

ನಾನಾ ಪೇಠೆಯ ಒಂದು ಹಳೆಯ ವಾಡೆಯಲ್ಲಿ ಅವರಿಗಿದ್ದದ್ದು ಬೀದಿಗೆ ತೆರೆದ ಒಂದು ಪಡಸಾಲೆ, ಅದರ ಹಿಂದೆ ಎರಡು ಖೋಲಿ. ಪಡಸಾಲೆಯೇ ಅಂಗಡಿ. ಹಿಂದಿನ ಖೋಲಿಗಳಲ್ಲಿ ಫಕೀರಪ್ಪ, ಅವನ ಹೆಂಡತಿ ರುದ್ರವ್ವ, ಮಗ ಸದಾನಂದ, ಸೊಸೆ ಶಿವಗಂಗವ್ವ, ಹನ್ನೆರಡು ವರ್ಷದ ಮೊಮ್ಮಗಳು ಇಂದೂ. ಅಡುಗೆಮನೆಯವರೆಗೂ ಸ್ಪಿರಿಟ್ಟು ಮತ್ತು ಅರಗಿನ ವಾಸನೆ. ಲಗ್ನವಾಗಿ ಬಂದ ಹೊಸದರಲ್ಲಿ ಶಿವಗಂಗವ್ವನಿಗೆ ರೊಟ್ಟಿಯೂ ಅದೇ ವಾಸನೆ ಹೊಡೆಯುತ್ತಿತ್ತು. ಈಗ ಗೊತ್ತೇ ಆಗುತ್ತಿರಲಿಲ್ಲ.

ಅಪ್ಪನ ಕೈ ಹೋದದ್ದಕ್ಕೆ ಸದಾನಂದ ಹೆದರಲಿಲ್ಲ. ಅವನಿಗೆ ಪಾಲಿಶಿಗಿಂತ ವ್ಯಾಪಾರ ಇಷ್ಟ. ಇಂಗ್ಲಿಷರು ಹೊರಟು ನಿಂತಿದ್ದರು. ವಾನವಡಿ, ಘೋರ್ಪಡಿಯ ಬಂಗಲೆಗಳ ಅಂಗಳದಲ್ಲಿ ಸಾಮಾನು ಹರಾಜು ಹಾಕುವ ಲಿಲಾವು ವಾರಕ್ಕೆರಡು. ಅವನು ಸೈಕಲ್ ಹತ್ತಿ ಒಂದನ್ನೂ ಬಿಡದೆ ಹೋಗುತ್ತಿದ್ದ, ಊಟಕ್ಕೆ ಕೂತಾಗ ಅದರದೇ ಮಾತು.

"ಪಿಯಾನೊ ಕೇಳಾವ್ರs ಇಲ್ಲ," ಎಂದ ಒಂದು ದಿನ. "ಗ್ವಾಡಿಗೆ ಹಚ್ಚಿ ನಿಲ್ಲಸೂದಂತೂ ಮನಿಗೊಂದು ಅದ. ಗ್ರ್ಯಾಂಡ್ ಅಂತೂ ಅರ್ಧ ಖೋಲಿ ನುಂಗ್ತದ, ಅದನ್ನ ಇಡೂದೆಲ್ಲಿ? ಆದ್ರ ಚೌಕ ಪಿಯಾನೊ ಅಂತ ಒಂದದ, ನೋಡಿದ್ರ ಮೇಜಿನ ಹಾಂಗ. ನೂರು ವರ್ಷದ್ದು, ನೂರೈವತ್ತು ವರ್ಷದ್ದು. ಅದನ್ನ ಹುಡುಕ್ಕೋತ ಮುಂಬೈಯಿಂದ ಬರೋ ಶೋಕಿ ಮಂದಿ ಅದಾರ."

"ಹಳೇದಕ್ಕ ಯಾಕ ಹೆಚ್ಚು ಕೊಡ್ತಾರೋ?" ಎಂದಳು ರುದ್ರವ್ವ. "ಮುದಿ ಎಮ್ಮಿ ಹೊಡಕೊಂಡು ಸಂತಿಗೆ ಹೋದ್ರ ಯಾರರ ಹೆಚ್ಚು ಕೊಡ್ತಾರೇನು?"

"ಅವ್ವಾ, ಎಮ್ಮಿ ಮ್ಯಾಲ ಲಂಡನ್ನಿನ ಹೆಸರಿರೂದಿಲ್ಲ."

ಇಂದೂ ನಕ್ಕಳು. ಫಕೀರಪ್ಪ ನಗಲಿಲ್ಲ. ರೊಟ್ಟಿ ಮುರಿಯಲು ಅವನಿಗೆ ಎರಡೂ ಕೈ ಬೇಕಾಗಿದ್ದವು.

ಆ ವಾರ ಒಂದು ನಿಲ್ಲಿಸುವ ಪಿಯಾನೊ ರಿಪೇರಿಗೆ ಬಂದಿತ್ತು. ಬೆರಳಿನಿಂದ ಒತ್ತುವ ಮನೆಗಳ ಮೇಲಿನ ಪಟ್ಟಿಯಲ್ಲಿ ಮಾಡಿದವರ ಹೆಸರು ಬಂಗಾರದ ಅಕ್ಷರದಲ್ಲಿ, ಅರ್ಧ ಅಳಿಸಿಹೋಗಿತ್ತು. ಫಕೀರಪ್ಪ ಕುಂಚ ಹಿಡಿದು ಕೂತ, ಎದ್ದ, ಮತ್ತೆ ಕೂತ. ಕಡೆಗೆ ಸೊಸೆಯನ್ನು ಕೂಗಿದ.

"ಗಂಗವ್ವ, ನಿನ್ನ ತವರಮನ್ಯಾಗ ತೊಟ್ಟಿಲಕ್ಕ ಬಣ್ಣ ಹಚ್ತಿದ್ಯಲ್ಲ, ಬಳ್ಳಿ ಎಳೀತಿದ್ಯಲ್ಲ? ಇದನ್ನ ತೀಡತೀ ಏನು?"

ಶಿವಗಂಗವ್ವ ಕಲಘಟಗಿಯವಳು. ಅವರ ಮನೆಯಲ್ಲಿ ತಯಾರಾದ ತೊಟ್ಟಿಲು ಹುಬ್ಬಳ್ಳಿ, ಬೆಳಗಾವಿಯ ಸಾವಕಾರರ ಮನೆಗೆ ಹೋಗುತ್ತಿದ್ದವು. ಹತ್ತು ವರ್ಷದವಳಿದ್ದಾಗಲೇ ಅವಳು ಅರಗಿನ ಬಣ್ಣದಲ್ಲಿ ಗಿಳಿ, ಮಾವಿನಕಾಯಿ ಬರೆಯುತ್ತಿದ್ದಳು. ಲಗ್ನವಾದ ಮೇಲೆ ಕುಂಚ ಮುಟ್ಟಿರಲಿಲ್ಲ. ಅವಳು ಸೆರಗು ಸಿಕ್ಕಿಸಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಮುಂಜಾನೆ ತೊಳೆದ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದವು.

"ಗಂಡಸರ ನಡುವ ಕುಂತು ಕೆಲಸ ಮಾಡೋ ಸೊಸಿ ನಮ್ಮನ್ಯಾಗ ಇದ್ದಿಲ್ಲ," ಎಂದು ರುದ್ರವ್ವ ಒಳಗಿನಿಂದ ಎಲ್ಲರಿಗೂ ಕೇಳುವಂತೆ ಅಂದಳು. "ಒಲಿ ಮ್ಯಾಲ ಬ್ಯಾಳಿ ಸೀದು ಹೋತು."

"ಸೀಯಲಿ," ಎಂದ ಫಕೀರಪ್ಪ. "ಇಲ್ಲಿ ನೋಡು ಬಾ."

ರುದ್ರವ್ವ ಬಂದು ನೋಡಿದಳು. ಒಳಗೆ ಹೋಗಿ ಬೇಳೆಗೆ ನೀರು ಹಾಕಿದಳು.

ಕಾರ್ತಿಕದಲ್ಲಿ ಸದಾನಂದ ಒಂದು ಚೌಕ ಪಿಯಾನೊ ತಂದ. ಕಾಲು ಮುರಿದಿತ್ತು, ತಂತಿಗೆ ತುಕ್ಕು ಹಿಡಿದಿತ್ತು. ಹೆಸರಿನ ಪಟ್ಟಿ ಬರೀ ಕಟ್ಟಿಗೆ. ಅವನು ಹೆಂಡತಿಯ ಮುಂದೆ ಒಂದು ತೆಳು ಕಾಗದ ಬಿಡಿಸಿದ. ಅದರ ಮೇಲೆ ಪೆನ್ಸಿಲಿನಲ್ಲಿ ಇಳಿಸಿಕೊಂಡ ಇಂಗ್ಲಿಷ್ ಅಕ್ಷರ, ಎರಡೂ ಬದಿಗೆ ಹೂವಿನ ಗೊಂಚಲು.

"ಯಾವನೋ ಬಟ್ಲರ ಸೋಡಾ ಹಾಕಿ ತಿಕ್ಕಿ ಹೆಸರು ಅಳಿಸಿಬಿಟ್ಟಾನ. ಇದ್ದದ್ದು ಹೀಂಗs ಇತ್ತು. ಹಾಂಗs ಬರಿ."

ಅವಳು ಮೂರು ದಿನ ಬರೆದಳು. ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ಅವಳಿಗೆ ಅದು ಬಳ್ಳಿಯಷ್ಟೇ. ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಕುಡಿ ತಿರುಗಬೇಕು ಎಂಬುದನ್ನು ಕೈಯೇ ಹೇಳುತ್ತಿತ್ತು. ಹಳೆಯದಾಗಿ ಕಾಣಲಿ ಎಂದು ಗಂಡ ಹೇಳಿದಾಗ ಬಂಗಾರದ ಮೇಲೆ ಚಹಾದ ಕಷಾಯದಂಥ ತೆಳು ಅರಗು ಎಳೆದಳು. ಆ ಮೂರು ದಿನ ರುದ್ರವ್ವ ತಾನೇ ರೊಟ್ಟಿ ಬಡಿದಳು, ರೇಷನ್ನಿನ ಜೋಳದಲ್ಲಿಯ ಹರಳು ಆರಿಸಿದಳು. ಫಕೀರಪ್ಪ ಮಾತ್ರ ಒಮ್ಮೆ ಬಂದು ಪಿಯಾನೊದ ಮುಚ್ಚಳ ಎತ್ತಿ, ಒಳಗಿನ ಕಟ್ಟಿಗೆ ಮೂಸಿ, ಮುಚ್ಚಳ ಹಾಕಿ ಹೊರಗೆ ಹೋದ. ಕೆಲಸ ಹೇಗಾಗಿದೆ ಎಂದು ಹೇಳಲಿಲ್ಲ. ಶಿವಗಂಗವ್ವನಿಗೆ ಅದು ತುಸು ನೋವಾಯಿತು.

ನಾಲ್ಕನೆಯ ದಿನ ಇಂದೂ ಸಾಲೆಯಿಂದ ಬಂದವಳು ಪಾಟಿಚೀಲ ಕೆಳಗಿಟ್ಟು ಪಿಯಾನೊ ಒಳಗೆ ಇಣುಕಿದಳು. ಅವಳು ಇಂಗ್ಲಿಷ್ ಎರಡನೆಯ ಇಯತ್ತೆ. ಸಿಕ್ಕದ್ದನ್ನೆಲ್ಲ ಓದುವ ಹುಚ್ಚು.

"ಜಾನ್ ಹ್ಯಾವರ್ಲಿ, ಲಂಡನ್," ಎಂದು ಪಟ್ಟಿ ಓದಿದಳು. "ಸಾವಿರದ ಏಳುನೂರಾ ತೊಂಬತ್ನಾಲ್ಕು. ಅವ್ವಾ, ಎಷ್ಟ್ ಚಂದ ಬರದೀದಿ!" ಆಮೇಲೆ ಮುಚ್ಚಳದ ಒಳಗೆ ತಲೆ ಹಾಕಿದಳು. "ಇಲ್ಲಿ ಒಂದು ಚೀಟಿ ಅಂಟಿಸ್ಯಾರ. ಕಲಕತ್ತಾ... ಸಾವಿರದ ಎಂಟುನೂರಾ ಅರವತ್ತೊಂದು. ಅವ್ವಾ, ಒಳಗ ಕಲಕತ್ತಾ ಅಂತದ. ನೀ ಹೊರಗ ಲಂಡನ್ ಅಂತ ಬರದೀದಿ."

ಸದಾನಂದ ಮೂಲೆಯಲ್ಲಿ ಹಿತ್ತಾಳೆಯ ಕೀಲು ಉಜ್ಜುತ್ತಿದ್ದ. ಎದ್ದು ಬಂದು ಮಗಳ ಕಪಾಳಕ್ಕೆ ಹೊಡೆದ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಉಂಡೆ ಮಾಡಿ, ಬೀದಿಯ ಗಟಾರಕ್ಕೆ ಒಗೆದ.

ಆ ಸಂಜೆ ಯಾರೂ ಸರಿಯಾಗಿ ಉಣ್ಣಲಿಲ್ಲ. ಇಂದೂ ಅಜ್ಜಿಯ ಬೆನ್ನ ಹಿಂದೆ ಕೂತು ಬಿಕ್ಕುತ್ತಿದ್ದಳು.

"ಬಟ್ಲರ ಅಳಿಸ್ಯಾನ ಅಂದ್ರಿ," ಎಂದಳು ಶಿವಗಂಗವ್ವ, ಸಾರು ಬಡಿಸುತ್ತ.

"ಅಂದೆ. ಈಗೇನು?"

"ನನ್ನ ಕೈಲೆ ಸುಳ್ಳು ಬರಸಿದ್ರಿ."

"ಏನ್ ಸುಳ್ಳು? ಕಟ್ಟಿಗಿ ಹಳೇದದ, ದನಿ ಹಳೇದದ. ಹೆಸರೊಂದು ಹಾಕಿದ್ರ ಯಾರ ಗಂಟು ಹೋತು? ತಗೊಳ್ಳಾವ್ರಿಗೆ ಬೇಕಾದದ್ದು ಹೆಸರು. ಅದನ್ನ ಕೊಟ್ಟೀವಿ. ಅವರೂ ಖುಷಿ, ನಾವೂ ಖುಷಿ."

"ಅಪ್ಪಾ, ಸಾಲ್ಯಾಗ ಕಾಪಿ ಹೊಡದ್ರ ಬೆತ್ತ ತಗೊಂಡು ಬಾರಸ್ತಾರ," ಎಂದಳು ಇಂದೂ ಅಜ್ಜಿಯ ಹಿಂದಿನಿಂದ.

"ನೀ ಸುಮ್ಮನಿರು!"

ಶಿವಗಂಗವ್ವ ಮಾವನ ಮುಖ ನೋಡಿದಳು. ಫಕೀರಪ್ಪ ತಾಟಿನಿಂದ ಕಣ್ಣೆತ್ತಲಿಲ್ಲ. ರುದ್ರವ್ವ ಹೇಳಿದಳು: "ಇವರ ಕೈ ನೆಟ್ಟಗಾಗ್ಲಿ ಅಂತ ಜೇಜುರಿಗೆ ಬರ್ತೀನಂತ ಮೈಲಾರಲಿಂಗಗ ಹರಕಿ ಹೊತ್ತೀನಿ. ರೇಲ್ವೆ ಚಾರ್ಜಿಗೂ ಗತಿ ಇಲ್ಲ. ಒಂದು ವ್ಯಾಪಾರ ಆಗೂದಾದ್ರ ಆಗ್ಲಿ ಬಿಡು. ಹೆಣ್ಮಕ್ಕಳಿಗ್ಯಾಕ ಇಂಗ್ಲಿಷಿನ ಉಸಾಬರಿ?"

ಆಗ ಶಿವಗಂಗವ್ವ ಸುಮ್ಮನಾದಳು. ಮುಂದೆ ಎಷ್ಟೋ ಸಲ ಅವಳು ಆ ಸುಮ್ಮನಾದ ಗಳಿಗೆಯನ್ನು ನೆನೆದು ಬೆವತಳು.

ಎರಡು ದಿನಕ್ಕೆ ಪಿರೋಜಾಬಾಯಿ ಟಾಂಗಾದಲ್ಲಿ ಬಂದಿಳಿದರು. ಬಂಡ್ ಗಾರ್ಡನ್ನಿನ ರಸ್ತೆಯಲ್ಲಿ ಮನೆ. ಅರವತ್ತು ದಾಟಿದ ಪಾರ್ಸಿ ಹೆಣ್ಣುಮಗಳು, ಮದುವೆಯಾಗಿರಲಿಲ್ಲ. ಹಳೆಯ ಪಿಯಾನೊ ಕೂಡಿಸುವುದೇ ಅವರ ಸಂಸಾರ ಎಂದು ಲಷ್ಕರದ ವ್ಯಾಪಾರಿಗಳು ಅನ್ನುತ್ತಿದ್ದರು. ಅವರು ಪಿಯಾನೊ ಸುತ್ತ ಒಂದು ಸುತ್ತು ಬಂದರು. ಕಾಲಿನ ಹತ್ತಿರ ಬಗ್ಗಿ ನೋಡಿ ಹುಬ್ಬು ಗಂಟು ಹಾಕಿದರು. ಆಮೇಲೆ ಮುಚ್ಚಳ ತೆಗೆದರು, ಹೆಸರು ಕಂಡಿತು. ಕೈಗವಸು ತೆಗೆದು ಬೆರಳನ್ನು ಅಕ್ಷರದ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಆಡಿಸಿದರು.

"ಹ್ಯಾವರ್ಲಿ," ಎಂದರು. "ಇಪ್ಪತ್ತು ವರ್ಷದಿಂದ ಹುಡುಕ್ಲಿಕ್ಹತ್ತೀನಿ." ಅವರ ಮರಾಠಿ ಗುಜರಾತಿಯ ಕಡೆ ವಾಲುತ್ತಿತ್ತು, ಆದರೂ ಶಿವಗಂಗವ್ವನಿಗೆ ಒಂದೊಂದು ಮಾತೂ ತಿಳಿಯಿತು. "ಈ ಅಕ್ಷರ ನೋಡು, ಸದಾನಂದ. ಇಂಥಾ ಕೈ ಈಗ ಎಲ್ಲಿ ಸಿಗಬೇಕು? ಯಾವ ಪುಣ್ಯಾತ್ಮನೋ ಬರದು ಸತ್ತಾನ."

ಪಡಸಾಲೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಶಿವಗಂಗವ್ವನಿಗೆ ಎದೆ ಉಬ್ಬಿತು. ಮರುಗಳಿಗೆಯೇ ಕೈಯನ್ನು ಸೆರಗಿನಡಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಯಾರೂ ಅವಳ ಕೈಯನ್ನು ಇಷ್ಟು ಹೊಗಳಿರಲಿಲ್ಲ.

ಸದಾನಂದ ಕೇಳಿದಷ್ಟು ರೊಕ್ಕ ಆಕೆಯ ಹತ್ತಿರ ಇರಲಿಲ್ಲ. ಅರ್ಧ ರೊಕ್ಕ, ಉಳಿದದ್ದಕ್ಕೆ ಬದಲಿಗೆ ತಮ್ಮ ಮನೆಯ ಒಂದು ಕಾಟೇಜ್ ಪಿಯಾನೊ ಕೊಡುವುದೆಂದು ಮಾತಾಯಿತು. ಎದೆಯೆತ್ತರದ ಸಣ್ಣ ಪಿಯಾನೊ ಅದು, ಮುಂದೆ ಹಸಿರು ರೇಷ್ಮೆಯ ಪರದೆ, ಎರಡೂ ಬದಿಗೆ ಮೇಣಬತ್ತಿ ಹಚ್ಚುವ ಹಿತ್ತಾಳೆಯ ಕೈ. ಅದು ಕೈಗಾಡಿಯಲ್ಲಿ ಬಂತು. ಚೌಕ ಪಿಯಾನೊ ಅದೇ ಗಾಡಿಯಲ್ಲಿ ಹೋಯಿತು.

ಮಾರ್ಗಶಿರದ ಷಷ್ಠಿಗೆ ಎಲ್ಲರೂ ಜೇಜುರಿಗೆ ಹೋದರು. ರೈಲಿನಲ್ಲಿ ಹುಬ್ಬಳ್ಳಿ, ಗದಗ ಕಡೆಯ ಮಂದಿ ತುಂಬಿ ತುಳುಕುತ್ತಿದ್ದರು. ರುದ್ರವ್ವನಿಗೆ ಊರಿನ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಮೆಟ್ಟಿಲಿನ ತುಂಬ ಭಂಡಾರ, ಕಾಲಿಟ್ಟಲ್ಲೆಲ್ಲ ಅರಿಷಿಣ.

"ತೂರs, ಗಂಗವ್ವ, ನೀನೂ ತೂರು," ಎಂದು ಅತ್ತೆ ಅವಳ ಬೊಗಸೆ ತುಂಬಿದಳು.

ಎಲ್ಲರೂ ತೂರಿದರು. ಅವಳು ಹಿಡಿಯಲ್ಲೇ ಇಟ್ಟುಕೊಂಡು ಇಳಿದು ಬಂದಳು. ಮನೆಗೆ ಬಂದು ತೊಳೆದುಕೊಂಡಾಗ ಉಗುರಿನ ಸಂದಿಯಲ್ಲಿ ಹಳದಿ ಎರಡು ದಿನ ಉಳಿಯಿತು.

ಸಂಕ್ರಾಂತಿಯ ನಂತರ ಪಿರೋಜಾಬಾಯಿಯಿಂದ ಕರೆ ಬಂತು. ಚಳಿಗೆ ಪಿಯಾನೊದ ಪಕ್ಕದ ಹಲಗೆ ಬಿರುಕು ಬಿಟ್ಟಿದೆ, ಫಕೀರಪ್ಪನೇ ಬಂದು ನೋಡಲಿ ಎಂದು. ಸದಾನಂದ ದೇವಳಾಲಿಗೆ ಲಿಲಾವಿಗೆ ಹೋಗಿದ್ದ. ಫಕೀರಪ್ಪ ಸೊಸೆಯನ್ನು ಕರೆದುಕೊಂಡು ಹೋದ. ಬಿರುಕಿಗೆ ಅರಗು ತುಂಬುವ ಕೈ ಅವಳದೇ ಆಗಬೇಕಿತ್ತು.

ಆ ದಿವಾಣಖಾನೆಯಲ್ಲಿ ಐದು ಪಿಯಾನೊ ಇದ್ದವು. ಹೆಣ್ಣುಮಗಳೊಬ್ಬಳು ಕೆಲಸಕ್ಕೆ ಬಂದದ್ದು ಪಿರೋಜಾಬಾಯಿಗೆ ಸೋಜಿಗ. ಅರಗು ಆರುವ ತನಕ ಆಕೆ ಅವಳನ್ನು ಸುತ್ತಾಡಿಸಿದರು.

"ಇದು ಗ್ರ್ಯಾಂಡ್. ಒಂದು ರೆಕ್ಕೀ ಬಿಚ್ಚಿದ ಹಕ್ಕಿ ಹಾಂಗ ಅದ ಅಲ್ಲ? ಇದರ ದನಿ ದೊಡ್ಡ ಸಭಾಕ್ಕ. ಇದು ತಾನs ಬಾರಿಸ್ತದ, ತೂತಿನ ಕಾಗದದ ಸುರುಳಿ ಹಾಕಿ ಕಾಲಿಲೆ ತುಳದ್ರ ಆತು, ನಮ್ಮಪ್ಪನ ಹುಚ್ಚು. ಇದು ಜರ್ಮನಿದು, ನೆಟ್ಟಗ ನಿಂತು ಛತ್ತಿಗೆ ಮುಟ್ತದ, ಮಂದಿ ಜಿರಾಫಿ ಅಂತಾರ." ಆಮೇಲೆ ಚೌಕ ಪಿಯಾನೊದ ಮುಂದೆ ಬಂದು ನಿಂತರು. "ಇದರ ದನಿ ಸಣ್ಣದು. ಎದುರಿಗೆ ಕುಂತವ್ರಿಗೆ ಮಾತ್ರ ಕೇಳಸ್ತದ. ಆಗಿನ ಮನಿ ಸಣ್ಣವು, ಒಂದು ಮೇಣಬತ್ತಿ, ನಾಕು ಮಂದಿ. ಆ ಕಾಲ ಹೋತು. ಆ ದನಿ ಇದರೊಳಗ ಉಳದದ. ಅದಕ್ಕs ನಾ ಕೂಡಸ್ತೀನಿ, ತಿಳೀತೇನು? ರೊಕ್ಕಕ್ಕಲ್ಲ."

"ಹೌದ್ರಿ," ಎಂದಳು ಶಿವಗಂಗವ್ವ.

"ಇದಕ್ಕಾಗಿ ನಮ್ಮ ತಾಯಿದು ಕೊಟ್ಟುಬಿಟ್ಟೆ. ಆ ಹಸರ ಪರದಿದು. ಅದರ ಮ್ಯಾಲs ನನಗ ಬೆರಳು ಇಡೂದು ಕಲಿಸಿದ್ಲು ಆಕಿ. ಬ್ಯಾಸರಾತು ಖರೆ. ಆದ್ರ ಅಂಥಾವು ನೂರು ಸಿಗ್ತಾವ, ಹ್ಯಾವರ್ಲಿ ಸಿಗೂದಿಲ್ಲ. ಮುಂದಿನ ತಿಂಗಳ ಮುಂಬೈಯಿಂದ ಇಬ್ಬರು ಇದನ್ನ ನೋಡ್ಲಿಕ್ಕೆ ಬರೋರದಾರ."

ಫಕೀರಪ್ಪ ಅರಗಿನ ಡಬ್ಬಿಯ ಮುಚ್ಚಳ ಹಾಕಲು ಹೋಗಿ ಕೆಳಗೆ ಬೀಳಿಸಿದ. ಅದು ಉರುಳಿ ಜಿರಾಫಿಯ ಕೆಳಗೆ ಹೋಯಿತು. ಮಾವ ಸೊಸೆ ಇಬ್ಬರೂ ಬಗ್ಗಿ ಹುಡುಕಿದರು. ಬಗ್ಗಿದಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದರೆ ಸದಾನಂದ ದೇವಳಾಲಿಯಿಂದ ಬಂದು ಶಿಳ್ಳೆ ಹಾಕುತ್ತ ಕಾಲು ತೊಳೆಯುತ್ತಿದ್ದ. ಕಾಟೇಜ್ ಪಿಯಾನೊ ಮುಂಬೈಯ ಒಂದು ಹೋಟೆಲಿಗೆ ಮಾರಲು ಮಾತಾಗಿತ್ತು. ಶನಿವಾರ ಲಾರಿ ಬರುವುದಿತ್ತು.

"ಆ ಬಾಯಿಸಾಹೇಬ್ರ ತಾಯಿದಂತ ಅದು," ಎಂದಳು ಶಿವಗಂಗವ್ವ.

"ಯಾರದರ ತಾಯಿದು ಇರತದ. ಚಹಾ ಇಡು."

ಶುಕ್ರವಾರ ಮಧ್ಯಾಹ್ನ ಅವಳು ರೇಷನ್ನಿನ ಚೀಲ ತೆಗೆದುಕೊಂಡು ಹೊರಟಳು. ಅಂಗಡಿಯ ಸಾಲಿನಲ್ಲಿ ನಿಲ್ಲದೆ ಸ್ಟೇಷನ್ನಿನ ಮುಂದೆ ಹಾಯ್ದು ಬಂಡ್ ಗಾರ್ಡನ್ನಿನ ಕಡೆ ನಡೆದಳು. ಎರಡು ಸಲ ಹಿಂದಕ್ಕೆ ತಿರುಗಿ ಬಂದಳು. ಮೂರನೆಯ ಸಲ ಆ ಮನೆಯ ಬಟ್ಲರ ಅವಳನ್ನು ನೋಡಿ ಗೇಟು ತೆಗೆದುಬಿಟ್ಟ.

"ಏನು, ಬಿರಕು ಮತ್ತ ಬಿಡ್ತೇನು?" ಎಂದು ಪಿರೋಜಾಬಾಯಿ ಕೇಳಿದರು.

"ಇಲ್ರಿ ಬಾಯಿಸಾಹೇಬ್ರ. ಆ ಹೆಸರು ನಾ ಬರದದ್ದು."

"ತೀಡಿದ್ದೇನು? ಸ್ವಲ್ಪ ಮಾಸಿತ್ತಂತ ಸದಾನಂದ ಹೇಳ್ಯಾನಲ್ಲ."

"ಮಾಸಿದ್ದಿಲ್ರಿ. ಬರೇ ಕಟ್ಟಿಗಿ ಇತ್ತು. ಒಳಗ ಕಲಕತ್ತಾದ ಚೀಟಿ ಇತ್ತು, ಅದನ್ನ ಕಿತ್ತು ಒಗದ್ರು."

ಪಿರೋಜಾಬಾಯಿಯ ಮುಖ ಕೆಂಪಾಯಿತು. "ಯಾರು ಕಳಿಸ್ಯಾರ ನಿನ್ನ? ಮುಂಬೈ ಮಂದಿ? ನನ್ನ ಪಿಯಾನೊ ಖೊಟ್ಟಿ ಅಂತ ಅನಿಸಿ ಕಡಿಮಿಗೆ ಹೊಡೀಬೇಕಂತಾರೇನು? ನಿನಗ ಓದಲಿಕ್ಕೆ ಬರೂದಿಲ್ಲ, ನೀ ಇದನ್ನ ಬರದ್ಯಾ?"

"ಒಂದು ಪೆನ್ಸಿಲ್ ಕೊಡ್ರಿ."

ಅವಳು ನೆಲದ ಮೇಲೆ ಕೂತು, ಕೊಟ್ಟ ಕಾಗದದ ಬಲಗಡೆಯ ಅಂಚಿನಿಂದ ಶುರುಮಾಡಿದಳು. ಮೊದಲು ಗೊಂಚಲು, ಆಮೇಲೆ ನಾಲ್ಕರ ಅಂಕಿ, ಒಂಬತ್ತು, ಏಳು, ಒಂದು. ಆಮೇಲೆ ಊರಿನ ಹೆಸರಿನ ಕೊನೆಯ ಅಕ್ಷರ, ಅದರ ಹಿಂದಿನದು, ಅದರ ಹಿಂದಿನದು. ಅಕ್ಷರದ ದಿಕ್ಕು ಗೊತ್ತಿಲ್ಲದವಳು ತೊಟ್ಟಿಲಿನ ಬಳ್ಳಿಯನ್ನು ಎಳೆದಂತೆ ಬಲದಿಂದ ಎಡಕ್ಕೆ ಎಳೆಯುತ್ತ ಹೋದಳು. ಎಲ್ಲೂ ಕೈ ತಡೆಯಲಿಲ್ಲ. ಪಿರೋಜಾಬಾಯಿ ಕನ್ನಡಕ ಹಾಕಿಕೊಂಡು ನಿಂತು ನೋಡಿದರು. ಹೆಸರು ಬಾಲದಿಂದ ತಲೆಯವರೆಗೆ ಪೂರ್ತಿ ಮೂಡಿದಾಗ ಅವರು ಹತ್ತಿರದ ಕುರ್ಚಿಯ ಮೇಲೆ ಕೂತುಬಿಟ್ಟರು.

ಆಮೇಲೆ ಬಟ್ಲರನಿಗೆ ಹೇಳಿ ಸ್ಪಿರಿಟ್ಟಿನ ಬಾಟ್ಲಿ ತರಿಸಿದರು.

"ಅಳಿಸು."

ಶಿವಗಂಗವ್ವ ಅರಿವೆ ಅದ್ದಿ ಒರೆಸಿದಳು. ಮೂರು ದಿನದ ಕೆಲಸ ಎರಡು ನಿಮಿಷಕ್ಕೆ ಎದ್ದು ಬಂತು. ಅಷ್ಟು ಚಂದದ ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ. ಅದು ಅರಿವೆಯಲ್ಲಿ ಕಂದು ಕಲೆಯಾಗಿ ಇಳಿಯುವಾಗ ಅವಳಿಗೆ ಅಳು ಬಂತು. ಯಾವುದಕ್ಕೆ ಅಳುತ್ತಿದ್ದೇನೆ ಎಂದು ತಿಳಿದು ಇನ್ನಷ್ಟು ನಾಚಿಕೆಯಾಯಿತು.

"ಕಾಲು ನೋಡಿದಾಗ ನನಗ ಅನುಮಾನ ಬಂದಿತ್ತು," ಎಂದರು ಪಿರೋಜಾಬಾಯಿ, ಅವಳ ಕಡೆ ನೋಡದೆ. "ಆ ಕಾಲದ ಕಾಲಲ್ಲ ಅವು. ನನಗ ಗೊತ್ತಾಗಬೇಕಾಗಿತ್ತು. ಆದ್ರ ಹೆಸರು ಬೇಕಾಗಿತ್ತು ನನಗ. ಮುದುಕಿಗೆ ಹೆಸರಿನ ಹಂಬಲ. ನಮ್ಮ ತಾಯಿದು ಒಯ್ದು ಕೊಟ್ಟೆ." ಆಮೇಲೆ ದನಿ ಗಡಸಾಯಿತು. "ಹೇಳಿದಿ ಅಂತ ನಿನ್ನ ಹೊಗಳ್ತೀನಿ ಅಂತ ತಿಳೀಬ್ಯಾಡ. ಆವತ್ತು ನೀ ನೀರಿನ ತಂಬಿಗಿ ಹಿಡಕೊಂಡು ಅಲ್ಲೇ ನಿಂತಿದ್ದಿ. ನಾಳೆ ಸಂಜಿ ಒಳಗ ನಮ್ಮ ತಾಯಿ ಪಿಯಾನೊ, ನಾ ಕೊಟ್ಟ ರೊಕ್ಕ ಎರಡೂ ಈ ಖೋಲ್ಯಾಗ ಇರಬೇಕು. ನಿನ್ನ ಮಾವ ತಾನs ತರಬೇಕು. ಇಲ್ಲಂದ್ರ ನಾ ಪೊಲೀಸರ ಕಡೆ ಹೋಗ್ತೀನಿ."

ಖಾಲಿ ಚೀಲ ಹಿಡಿದು ಅವಳು ಮನೆಗೆ ಬಂದಾಗ ರುದ್ರವ್ವ ಬಾಗಿಲಲ್ಲೇ ಇದ್ದಳು.

"ಎಲ್ಲಿ ಜ್ವಾಳಾ?"

"ತರಲಿಲ್ರಿ ಅತ್ತಿ. ಬಂಡ್ ಗಾರ್ಡನ್ನಿಗೆ ಹೋಗಿದ್ದೆ."

ಊಟದ ಹೊತ್ತಿನ ತನಕ ತಡೆಯಲು ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಸದಾನಂದ ಮೊದಲು ತಿಳಿಯದವನಂತೆ ನೋಡಿದ. ತಿಳಿದಾಗ ಕೈಯಲ್ಲಿದ್ದ ಚಹಾದ ಕಪ್ಪು ಗೋಡೆಗೆ ಹೋಯಿತು.

"ಗಂಡನ ಕೈಗೆ ಬೇಡಿ ಹಾಕಸ್ತೀ ಏನು? ಲಷ್ಕರದಾಗ ಇನ್ನ ಯಾವನು ನನಗ ಒಂದು ಸ್ಟೂಲರ ಮಾರ್ಯಾನು?"

"ಮನಿ ಮಾನ ಬೀದಿಗೆ ತಂದಿ," ಎಂದಳು ರುದ್ರವ್ವ. "ಅಡಗಿಮನಿ ಬಿಟ್ಟು ಪಡಸಾಲಿಗೆ ಬಂದಾಗs ನಾ ಅಂದಿದ್ದೆ."

"ನನ್ನ ಕೈಲೆ ಬರಸಿದ್ದು, ಅತ್ತಿ. ಅಳಸೂದೂ ನನ್ನ ಕೈಲೇನs ಆಗಬೇಕಿತ್ತು."

"ಮಾತ್ ನೋಡು!" ಸದಾನಂದ ಕೈ ಎತ್ತಿದ.

"ಸದಾ." ಫಕೀರಪ್ಪ ಕೂತಲ್ಲಿಂದ ಎದ್ದಿರಲಿಲ್ಲ. "ಕೈ ಇಳಸು. ಲಾರಿಯವ್ರಿಗೆ ಬರಬ್ಯಾಡಂತ ತಾರ ಮಾಡು. ಮುಂಜಾನೆ ಕೈಗಾಡಿಗೆ ಹೇಳಿ ಬಾ."

"ಅಪ್ಪಾ, ಆಕಿ ರೊಕ್ಕದಾಗ ಜೇಜುರಿಗೆ ಹೋಗಿ ಬಂದೀವಿ! ಎಲ್ಲಿಂದ ತರೂದು?"

"ನಿನ್ನ ಸೈಕಲ್ ಅದ ಅಲ್ಲ?"

ಸದಾನಂದ ಅಪ್ಪನನ್ನು ನೋಡಿದ. ಅಂಗಳಕ್ಕೆ ಹೋಗಿ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಮರುದಿನ ಹತ್ತರ ಬಿಸಿಲಲ್ಲಿ ಕಾಟೇಜ್ ಪಿಯಾನೊ ಕಂಬಳಿ ಹೊದ್ದು ಗಾಡಿಯ ಮೇಲೆ ಹೊರಟಿತು. ಇಬ್ಬರು ಹಮಾಲರು ಎಳೆದರು. ಫಕೀರಪ್ಪ ಶುಭ್ರ ರುಮಾಲು ಸುತ್ತಿ, ವಿಭೂತಿ ಹಚ್ಚಿ ಮುಂದೆ ನಡೆದ. ಶಿವಗಂಗವ್ವ ಹಿಂದೆ, ಕಂಬಳಿಯ ತುದಿ ಹಿಡಿದು. ಪೇಠೆಯ ಓಣಿಗಳಲ್ಲೇ ಹೋಗಬಹುದಿತ್ತು. ಫಕೀರಪ್ಪ ಲಷ್ಕರದ ಮೇನ್ ಸ್ಟ್ರೀಟಿನ ಮೇಲೆ ಹೋಗಲು ಹೇಳಿದ.

ಪೀಠೋಪಕರಣದ ಅಂಗಡಿಯವರೆಲ್ಲ ಕಟ್ಟೆಗೆ ಬಂದು ನಿಂತರು. ಫಕೀರಪ್ಪನನ್ನು ಇಪ್ಪತ್ತು ವರ್ಷದಿಂದ ಬಲ್ಲ ವ್ಯಾಪಾರಿ ಮಾರ್ತಾಂಡರಾವ್ ಮರಾಠಿಯಲ್ಲಿ ಕೂಗಿದ: "ಏನು ಫಕೀರಪ್ಪಾ, ತಗೊಂಡ ಮಾಲು ಹಿಂದಕ್ಕ ಹೊಂಟದ?"

ಫಕೀರಪ್ಪ ಗಾಡಿ ನಿಲ್ಲಿಸಿದ. "ಹೌದ್ರಿ ರಾವಸಾಹೇಬ್ರ. ನಮ್ಮ ಪಿಯಾನೊದ ಮ್ಯಾಲ ಸುಳ್ಳು ಹೆಸರು ಬರದು ಈ ಮಾಲು ತಗೊಂಡಿದ್ವಿ. ಹಿಂದಕ್ಕ ಕೊಡಾಕ ಹೊಂಟೀವಿ."

ಕಟ್ಟೆಯ ಮೇಲೆ ಯಾರೋ ಒಬ್ಬ ನಕ್ಕ. ಶಿವಗಂಗವ್ವನಿಗೆ ಕಿವಿಯವರೆಗೆ ಸುಟ್ಟಿತು. ಸೆರಗು ಮುಖದ ಮೇಲೆ ಎಳೆಯಬೇಕು ಅನ್ನಿಸಿತು. ಎರಡೂ ಕೈ ಕಂಬಳಿಯ ಮೇಲಿದ್ದವು.

ಸ್ಟೇಷನ್ ದಾಟಿ ಮಂದಿ ಕಡಿಮೆಯಾದ ಮೇಲೆ ಫಕೀರಪ್ಪ ಹಿಂದೆ ಬಂದು ಅವಳ ಜೊತೆ ನಡೆದ.

"ನಾ ಮೊದಲನೇ ದಿನಾನs ತಿಳಕೊಂಡಿದ್ದೆ, ಯವ್ವಾ. ಮುಚ್ಚಳ ತಗದು ಮೂಸಿದ್ನಲ್ಲ? ಆ ಕಟ್ಟಿಗಿ ನಮ್ಮ ದೇಶದ್ದು. ವಿಲಾಯತಿದಲ್ಲ."

"ಮತ್ಯಾಕ ಸುಮ್ಮನಿದ್ರಿ, ಮಾವಾರ?"

"ಕೈ ಹೋದ ಮ್ಯಾಲ ಮಗನ ಮುಂದ ಬಾಯಿನೂ ಹೋತು." ಅವನು ರುಮಾಲಿನ ಚುಂಗಿನಿಂದ ಮೂಗು ಒರೆಸಿಕೊಂಡ. "ನೀ ಅವತ್ತು ಊಟಕ್ಕ ನೀಡೂವಾಗ ನನ್ನ ಮಾರಿ ನೋಡಿದಿ. ನಾ ಒಂದು ಮಾತು ಆಡಿದ್ರ ನಿನಗ ಇಷ್ಟು ದೂರ ನಡೆಯೂದು ತಪ್ಪತಿತ್ತು."

ಅವಳು ಜಾರುತ್ತಿದ್ದ ಕಂಬಳಿಯನ್ನು ಎಳೆದು ಸರಿಮಾಡಿದಳು. ಏನು ಹೇಳಿದರೂ ಅವನಿಗೆ ಇನ್ನಷ್ಟು ನೋವಾಗುತ್ತಿತ್ತು.

ಪಿರೋಜಾಬಾಯಿ ಹೊರಗೆ ಬರಲಿಲ್ಲ. ಬಟ್ಲರ ರೊಕ್ಕದ ಗಂಟು ಒಳಗೆ ಒಯ್ದ, ಹಮಾಲರಿಗೆ ಪಿಯಾನೊ ಇಡುವ ಜಾಗ ತೋರಿಸಿದ. ಹೆಸರಿಲ್ಲದ ಚೌಕ ಪಿಯಾನೊ ಆಗಲೇ ವರಾಂಡದಲ್ಲಿ ಬಿದ್ದಿತ್ತು. ಅದನ್ನು ಗಾಡಿಗೇರಿಸಿ ಕಟ್ಟುವಾಗ ಒಳಗಿನಿಂದ ಪಿಯಾನೊದ ಒಂದು ಮನೆ ಒತ್ತಿದ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಅದೇ ಸದ್ದು ಮತ್ತೊಮ್ಮೆ. ಆಮೇಲೆ ಕಿಟಕಿ ಮುಚ್ಚಿತು. ಫಕೀರಪ್ಪ ಆ ಮುಚ್ಚಿದ ಕಿಟಕಿಗೆ ಕೈ ಮುಗಿದ; ಅವಳೂ ಮುಗಿದಳು.

ಮೇನ್ ಸ್ಟ್ರೀಟಿನ ಮಾತು ಎರಡೇ ದಿನದಲ್ಲಿ ಪೇಠೆಗೆಲ್ಲ ಹರಡಿತು. ನಳದ ಹತ್ತಿರ ಹೆಂಗಸರು ಶಿವಗಂಗವ್ವ ಬಂದರೆ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಇಂದೂಗೆ ಸಾಲೆಯಲ್ಲಿ "ಲಂಡನ್" ಎಂದು ಅಡ್ಡಹೆಸರು ಬಿತ್ತು. ಸೈಕಲ್ ಹೋಯಿತು, ಸದಾನಂದ ಲಿಲಾವಿಗೆ ಹೋಗುವುದನ್ನು ಬಿಟ್ಟು ಪಡಸಾಲೆಯ ಮೂಲೆಯಲ್ಲಿ ಉಸುಕಿನ ಕಾಗದದಿಂದ ಕಟ್ಟಿಗೆ ಉಜ್ಜುತ್ತಿದ್ದ. ಹೆಂಡತಿಯೊಡನೆ ಬೇಕಾದದ್ದಕ್ಕೆ ಮಾತ್ರ ಮಾತು, ಅದೂ ಮಗಳ ಮೂಲಕ: "ನಿಮ್ಮವ್ವಗ ಹೇಳು, ಅರಗು ತೀರೇದ." ರುದ್ರವ್ವ ಮಾತು ಬಿಡಲಿಲ್ಲ, ಬಯ್ಯುವುದನ್ನೂ ಬಿಡಲಿಲ್ಲ. ಆದರೆ ಸೊಸೆ ಪಡಸಾಲೆಯಲ್ಲಿದ್ದಾಗ ಬೇಳೆ ಸೀಯದಂತೆ ತಾನೇ ನೋಡಿಕೊಂಡಳು.

ಚೌಕ ಪಿಯಾನೊ ಬೆಲೆ ಕೇಳುವವರಿಲ್ಲದೆ ಗೋಡೆಗೆ ಹತ್ತಿ ನಿಂತಿತ್ತು. ಅದರ ಮೇಲೆ ಅರಗಿನ ಡಬ್ಬಿ, ಚಿಂದಿ ಅರಿವೆ, ಇಂದೂನ ಪಾಟಿ.

ಒಂದೂವರೆ ತಿಂಗಳು ಹೊಸ ಗಿರಾಕಿ ಬರಲಿಲ್ಲ. ಯುಗಾದಿಗೆ ನಾಲ್ಕು ದಿನವಿದ್ದಾಗ ಕರಿ ಟೊಪ್ಪಿಗೆಯ ಕಾರಕೂನನೊಬ್ಬ ಹೆಗಲ ಮೇಲೆ ಒಂದು ಬೆತ್ತದ ಕುರ್ಚಿ ಹೊತ್ತು ಬಂದು, ಅಕ್ಕಪಕ್ಕದ ಅಂಗಡಿ ನೋಡಿ, ಅನುಮಾನಿಸುತ್ತ ಬಾಗಿಲಲ್ಲಿ ನಿಂತ.

"ಆ ಖೊಟ್ಟಿ ಹೆಸರಿನವ್ರ ಅಂಗಡಿ ಅಂತಾರಲ್ಲ, ಅದು ಇದs ಏನ್ರಿ?" ಎಂದು ಮರಾಠಿಯಲ್ಲಿ ಕೇಳಿದ.

ಸದಾನಂದ ಕಾಗದ ಕೆಳಗಿಟ್ಟು ಒಳಗೆ ಎದ್ದು ಹೋದ. ಫಕೀರಪ್ಪ ಗೋಡೆಯ ಕಡೆ ತಿರುಗಿದ. ಶಿವಗಂಗವ್ವ ಅರಗಿನ ಕೈಯನ್ನು ಅರಿವೆಗೆ ಒರೆಸಿಕೊಂಡಳು. ಒಂದು ಬೆರಳು, ಇನ್ನೊಂದು ಬೆರಳು. ಉತ್ತರ ಕೊಡಲು ಆ ಮನೆಯಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

"ಹೌದ್ರಿ," ಎಂದಳು. "ಇದs. ಬರೆದಾಕಿ ನಾನs."

ಅವನು ಅವಳನ್ನು ನೋಡಿದ. ಹೆಗಲಿನ ಕುರ್ಚಿ ಇಳಿಸಲೋ ಬೇಡವೋ ಎಂದು ಒಂದು ಗಳಿಗೆ ನಿಂತ.

"ಬರೇ ಪಾಲಿಶ್ ಮಾಡ್ರಿ ಬಾಯಿ," ಎಂದ ಕಡೆಗೆ. "ಏನೂ ಬರೀಬ್ಯಾಡ್ರಿ."

"ಇಲ್ರಿ," ಎಂದು ಶಿವಗಂಗವ್ವ ಕುರ್ಚಿಗೆ ಕೈ ಚಾಚಿದಳು. "ಏನೂ ಬರೆಯೂದಿಲ್ಲ."